ಕೊಳ ಬಾಚಿದ ಸಣ್ಣಪ್ಪ

ಹೂಂ ಅನ್ನೋರು ಇದ್ದರೆ ಈ ಕತೆ ನಡೀತದೆ, ಇಲ್ಲದಿದ್ರೆ ಇಲ್ಲೇ ಕೂತುಬಿಡ್ತದೆ. ಅಂದ್ರಾ? ಸರಿ, ಕೇಳಿ.

ಒಂದೂರಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬ ಮಗ. ಹೆಸರು ಸಣ್ಣಪ್ಪ, ಆಳು ಮಾತ್ರ ಬಾಗಿಲಲ್ಲಿ ಬಗ್ಗಿ ಬರಬೇಕು. ಮೀಸೆ ಬಂದು ಹತ್ತು ವರ್ಷ ಆಗಿತ್ತು, ಬುದ್ಧಿ ಇನ್ನೂ ಬಂದಿರಲಿಲ್ಲ. "ಬಾಗಿಲು ನೋಡ್ಕೊಂಡಿರು" ಅಂದ್ರೆ ಬೆಳಗಿಂದ ಸಂಜೆ ತನಕ ಬಾಗಿಲನ್ನೇ ನೋಡ್ತಾ ನಿಂತಿರೋನು. ಹಿತ್ತಲಿಂದ ನಾಯಿ ಬಂದು ಮುದ್ದೆ ತಿಂದು ಹೋಗೋದು. "ನಾನು ಹೋದ ಮೇಲೆ ಇವನ ಗತಿ ಏನಪ್ಪಾ" ಅಂತ ನಿಂಗಾಜಮ್ಮ ಹೆದರ್ತಾನೇ ಏಳೋಳು, ಹೆದರ್ತಾನೇ ಮಲಗೋಳು.

ಆ ಊರ ಪಾಳೇಗಾರರ ತೋಟದಲ್ಲೊಂದು ಕೊಳ. ಸುತ್ತ ಅರಳಿ, ಮಾವು, ಹೊಂಗೆ. ಗಾಳಿ ಬಂದ್ರೆ ಸಾಕು, ನೀರ ತುಂಬ ಎಲೆ. ಆ ಎಲೆ ತೆಗೆಯೋದು ನಿಂಗಾಜಮ್ಮನ ಕೆಲಸ. ಉದ್ದ ಕೋಲಿಗೆ ಕಟ್ಟಿದ ಒಂದು ಬಲೆ, ಬಾಚಣಿಗೆ ಥರ ಹಲ್ಲಿರೋ ಒಂದು ಬಾಚುಗೋಲು, ಎಲೆ ತುಂಬಕ್ಕೆ ಒಂದು ಮಂಕರಿ, ಇಷ್ಟೇ ಸಾಮಾನು. ಕೊಳ ಕಂಡ್ರೆ ಅವಳಿಗೆ ಎದೆ ನಡುಕ. ಈಜು ಬಾರದು, ಕೆಳಗೆ ಸೊಂಟದುದ್ದ ಹೂಳು. ಅದಕ್ಕಿಂತ ನಡುಕ ತೋಟದ ಉಸ್ತುವಾರಿ ನೋಡೋ ಪಾರುಪತ್ಯಗಾರ ವೀರರಾಜಯ್ಯನ್ನ ಕಂಡ್ರೆ. ಆತನ ಕೈಯಲ್ಲಿ ಯಾವಾಗಲೂ ಚಾವಟಿ. ಹಿಂದಿನ ತೋಟಗಾರ ಮೂರೇ ಮೂರು ಎಲೆ ಬಿಟ್ಟಿದ್ದ. ಬೆನ್ನು ಸುಲಿಸಿಕೊಂಡು ಊರೇ ಬಿಟ್ಟು ಹೋದ.

ಒಂದಿನ ನಿಂಗಾಜಮ್ಮನ ಮಂಡಿ ಊದಿಕೊಂಡಿತು. ಎದ್ದು ನಿಲ್ಲಕ್ಕಾಗಲಿಲ್ಲ.

"ಮಗಾ, ಇವತ್ತು ನೀನು ಹೋಗು. ನೀರಿನ ಮೇಲೆ ಏನೇನು ತೇಲ್ತದೋ ಎಲ್ಲಾನೂ ಬಲೇಲಿ ಎತ್ತಿ ಗೊಬ್ಬರದ ಗುಂಡಿಗೆ ಹಾಕು."

"ಎಲ್ಲಾನೂವಾ ಅವ್ವಾ?"

"ಎಲ್ಲಾನೂ!"

ಹೋದ. ಎಲೆ ತೇಲ್ತಿತ್ತು, ಎತ್ತಿದ. ತಾವರೆ ತೇಲ್ತಿತ್ತು, ಎತ್ತಿದ. ಪಾಳೇಗಾರರ ಹೆಂಡತಿ ಮುದ್ದಿನಿಂದ ಸಾಕಿದ ಎರಡು ಬಾತುಕೋಳಿ ತೇಲ್ತಿದ್ವು, ಅವನ್ನೂ ಎತ್ತಿದ. ಗುಂಡಿಯಿಂದ ಅವು ಎದ್ದೆದ್ದು ಬಂದ್ವು, ಇವನು ಎತ್ತೆತ್ತಿ ಹಾಕಿದ.

"ಯಾವನಲೇ ಅವನು!" ಅಂತ ಪಾರುಪತ್ಯಗಾರ ಬಂದ. ಚಾವಟಿ ಸುಯ್ ಅಂತ ಕಿವಿ ಪಕ್ಕದಲ್ಲೇ ಹೋಯ್ತು. ಸಣ್ಣಪ್ಪ ಮನೆಗೆ ಓಡಿಬಂದ.

"ಅಯ್ಯೋ ಪೆದ್ದ ಮುಂಡೇದೇ! ಬಲೆ ಸಾವಾಸ ಬೇಡ ನಿಂಗೆ. ಬಾಚುಗೋಲು ತಗೋ. ತಲೆ ಬಾಚ್ತೀವಲ್ಲ, ಹಂಗೆ ಮೆಲ್ಲಗೆ ಬಾಚು. ಎಲೆ ತಾನೇ ಬರ್ತದೆ."

"ತಲೆ ಬಾಚೋ ಹಂಗೇನಾ?"

"ಹಂಗೇನೆ!"

ಮಾರನೇ ದಿನ ಹೊರಟ. ತಲೆಗೆ ಎಣ್ಣೆ ಹಚ್ಚದೆ ಯಾರಾದ್ರೂ ಬಾಚ್ತಾರಾ? ಮನೇಲಿದ್ದ ಹರಳೆಣ್ಣೆ ಗಡಿಗೆ ಹೊತ್ತುಕೊಂಡೇ ಹೋದ. ಮೆಟ್ಟಿಲ ಮೇಲೆ ನಿಂತು ಸುರಿದ. ಅರ್ಧ ನೀರಿಗೆ, ಅರ್ಧ ಮೆಟ್ಟಿಲಿಗೆ. ಆಮೇಲೆ ಬಾಚುಗೋಲಲ್ಲಿ ನಡುವೆ ಬೈತಲೆ ತೆಗೆದ. ನೀರು ಕೂಡಿಕೊಳ್ತು. ಮತ್ತೆ ತೆಗೆದ, ಮತ್ತೆ ಕೂಡಿಕೊಳ್ತು. "ಎಂಥ ಮೊಂಡು ಕೂದಲಪ್ಪಾ ಇದು!" ಅಂದ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಟ್ವು.

ಈ ಸಲ ಪಾರುಪತ್ಯಗಾರ ಕೂಗಾಡಲಿಲ್ಲ. ನೆಟ್ಟಗೆ ಮನೆ ಬಾಗಿಲಿಗೆ ಬಂದು ಮೆತ್ತಗೆ ಮಾತಾಡಿದ. ನಿಂಗಾಜಮ್ಮ ಇನ್ನೂ ಹೆದರಿದ್ದು ಅದಕ್ಕೇ.

"ನಾಳೆ ಹೊತ್ತು ನೆತ್ತಿಗೆ ಬರೋದರೊಳಗೆ ಕೊಳ ಚೊಕ್ಕಟವಾಗಿರಬೇಕು ನಿಂಗಾಜಮ್ಮ. ಒಂದೇ ಒಂದು ಎಲೆ ಕಂಡ್ರೆ ಇವನ ಬೆನ್ನ ಚರ್ಮ ಇರಲ್ಲ. ನಿನ್ನ ಕಣ್ಣೆದುರಿಗೇ."

ಬೆಳಗಾಗ್ತಲೇ ನಿಂಗಾಜಮ್ಮ ಊದಿದ ಮಂಡಿ ಎಳಕೊಂಡು ತಾನೂ ಮಗನ ಜೊತೆ ಹೊರಟಳು. ದಾರಿ ಉದ್ದಕ್ಕೂ ಒಂದೇ ಮಾತು:

"ನೀರಿಗೆ ಏನೂ ಸುರೀಬೇಡ. ಜೀವ ಇರೋದನ್ನ ಮುಟ್ಟಬೇಡ. ಬಾತು ಬಂದ್ರೂ ಮುಟ್ಟಬೇಡ, ಮೀನು ಬಂದ್ರೂ ಮುಟ್ಟಬೇಡ. ಒಣಗಿದ್ದು, ಸತ್ತಿದ್ದು, ಅಷ್ಟನ್ನೇ ಎಳೆದು ದಡಕ್ಕೆ ಹಾಕು. ನನ್ನಾಣೆ ಇಡು!"

"ನಿನ್ನಾಣೆ ಕಣವ್ವಾ!"

ಆವತ್ತು ಸಣ್ಣಪ್ಪ ಸರಿಯಾಗೇ ಬಾಚಿದ. ಒಣಗಿದ ಎಲೆ, ಕೊಳೆತ ಕಡ್ಡಿ, ಎಲ್ಲಾ ದಡಕ್ಕೆ ಬಂತು. ಒಂದೇ ಒಂದು ಹೊಂಗೆ ಎಲೆ ಮೆಟ್ಟಿಲ ಮೂಲೇಲಿ ಅಂಟಿಕೊಂಡಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ತೋಟದ ಬಾಗಿಲಲ್ಲಿ ಪಾರುಪತ್ಯಗಾರನ ಮೆಟ್ಟಿನ ಸದ್ದು, ಜೀಕ್, ಜೀಕ್! ನಿಂಗಾಜಮ್ಮ ಗಾಬರಿಯಾಗಿ ತಾನೇ ಬಗ್ಗಿದಳು. ಮೆಟ್ಟಿಲ ಮೇಲೆ ನಿನ್ನೆಯ ಹರಳೆಣ್ಣೆ. ಸರ್ರಂತ ಜಾರಿದಳು. ದುಡುಂ!

ಹೂಳು ಕಾಲು ಹಿಡೀತು. ನೀರು ಕತ್ತಿಗೆ ಬಂತು.

"ಮಗಾ! ಎಳೆಯೋ ನನ್ನ!"

ಸಣ್ಣಪ್ಪ ಬಾಚುಗೋಲು ಚಾಚಿದ, ಹಿಂದಕ್ಕೆ ತಗೊಂಡ.

"ಅವ್ವಾ, ನಿನಗೆ ಜೀವ ಅದಾ?"

"ಅದೆ ಕಣೋ! ಹೋಗ್ತಾ ಅದೆ!"

"ಹಂಗಾದ್ರೆ ಮುಟ್ಟಂಗಿಲ್ಲ. ಆಣೆ ಇಟ್ಟೀನಿ. ಹೋದ ಮೇಲೆ ಹೇಳವ್ವಾ, ಎಳೀತೀನಿ."

ನೀರು ಗಲ್ಲಕ್ಕೆ ಬಂತು, ತುಟಿಗೆ ಬಂತು. ಮೇಲೆ ಮಗ ನಿಂತಿದಾನೆ, ಕೋಲು ಹಿಡಿದಿದಾನೆ, ಕಣ್ಣಲ್ಲಿ ನೀರು ಸುರಿಸ್ತಿದಾನೆ, ಮುಟ್ಟಲಾರ! ಆಣೆ ವಾಪಸ್ ತಗೊಳ್ಳೋಷ್ಟು ಉಸಿರು ಅವಳಲ್ಲಿರಲಿಲ್ಲ. ಇದ್ದ ಉಸಿರೆಲ್ಲ ಒಟ್ಟುಮಾಡಿ ಕೂಗಿದಳು:

"ಸತ್ತೆ ಕಣೋ! ಸತ್ತೇ ಹೋದೆ!"

"ಅಯ್ಯೋ ನನ್ನವ್ವಾ!" ಅಂತ ಸಣ್ಣಪ್ಪ ಬಾಚುಗೋಲು ಹಾಕಿದ. ಹಲ್ಲು ಸೀರೆಗೆ ಸಿಕ್ತು. ಒಂದೇ ಎಳೆತಕ್ಕೆ ಎಳೆದು ಎಲೆರಾಶಿ ಪಕ್ಕದಲ್ಲಿ ಹಾಕಿದ. "ಅವ್ವ ಸತ್ತೋದ್ಲಲ್ಲಪ್ಪೋ!" ಅಂತ ಎದೆ ಬಡಕೊಂಡ. ಅವಳ ಬಾಯಿ ತುಂಬ ಕೆಸರು, ಮಾತು ಹೊರಡದು. ಅವನ ಕಾಲು ಹಿಡ್ಕೊಂಡಳು. ಬಿಡಿಸಿಕೊಂಡು, ತೋಟದ ಬಾಗಿಲಲ್ಲಿ ಎದುರಾದ ಪಾರುಪತ್ಯಗಾರನ್ನೂ ಎಳಕೊಂಡು ಊರೊಳಗೆ ಓಡಿದ.

ಬಿದ್ದಲ್ಲೇ ಬಿದ್ದಿದ್ದಳು ನಿಂಗಾಜಮ್ಮ, ಮೈಯೆಲ್ಲ ಗಡಗಡ. ಸ್ವಲ್ಪ ಹೊತ್ತಿಗೆ ತಮಟೆ ಸದ್ದು. ಬಿದಿರ ಚಟ್ಟ ಬಂತು, ಜನ ಬಂದ್ರು, ಮುಂದುಗಡೆ ಪಾರುಪತ್ಯಗಾರ. ಆತನ ಕೈಲಿ ಚಾವಟಿ ಕಂಡಿದ್ದೇ ಅವಳು ಕೆಸರು ಉಗಿದು, ಜಡೆ ಬಿಚ್ಚಿಕೊಂಡು, ಮೆಲ್ಲಗೆ ಎದ್ದು ಕೂತಳು.

"ಯಾರಪ್ಪಾ ಸತ್ತೋರು?" ಅಂದಳು.

"ಅಯ್ಯಯ್ಯಪ್ಪಾ, ದೆವ್ವ!" ಪಾರುಪತ್ಯಗಾರ ಚಾವಟಿ ಎಸೆದು ಓಡಿದ. ಎಲೆ ಎಣಿಸಕ್ಕೆ ಅಂತ ಆ ಕೊಳದ ಕಡೆ ಆತ ಮತ್ತೆ ಯಾವತ್ತೂ ತಲೆ ಹಾಕಲಿಲ್ಲ. ತಮಟೆಯವನು ಓಡಿದ, ಚಟ್ಟ ಹೊತ್ತೋರು ಓಡಿದ್ರು. ಉಳಿದೋನು ಸಣ್ಣಪ್ಪ ಒಬ್ಬನೇ, ಚಟ್ಟದ ಮುಂದಿನ ತುದಿ ಹೆಗಲ ಮೇಲೆ ಹೊತ್ತುಕೊಂಡು. ಅವನಿಗೆ ಎಲ್ಲಿಲ್ಲದ ಸಿಟ್ಟು.

"ಏನವ್ವಾ ನೀನು! ನಾನು ಕೂಗಿ ಕೂಗಿ ಇಷ್ಟು ಜನಾನ ಕರ್ಕೊಂಡು ಬಂದ್ರೆ ಎಲ್ಲಾರನ್ನೂ ಓಡಿಸಿಬಿಟ್ಟೆಯಲ್ಲ! ಈಗ ಹಿಂದ್ಗಡೆ ಹೊರೋರು ಯಾರು? ಏಳು, ನೀನೇ ಬಂದು ಹೆಗಲು ಕೊಡು!"