ನೀರು ಹೊಸ್ತಿಲಿಗೆ ಬಂದಾಗ

ಹೊಳೆದಂಡೆಯ ಮಠದಲ್ಲಿ ಒಂದು ಸಮುದಾಯ ರೇಡಿಯೋ ಇತ್ತು. ನಡೆಸುತ್ತಿದ್ದವರು ಮಠದ ಗುರುಗಳೇ. ಊರಿನವರ ಬಾಯಲ್ಲಿ ಅವರು ಅಜ್ಜಾರು. ಮನೆಮನೆಗೆ ಹೋಗಿ ಜನರ ಮಾತು ರೆಕಾರ್ಡ್ ಮಾಡಿ ತರುವುದು ಶಿಷ್ಯ ಬಸವಂತನ ಕೆಲಸ.

ಅವತ್ತು ಬಸವಂತ ರೆಕಾರ್ಡರನ್ನು ಮೇಜಿನ ಮೇಲೆ ಕುಕ್ಕಿದ.

"ಸಾಕಾತ್ರೀ ಅಜ್ಜಾರ. ಆ ಫಕೀರವ್ವನ ಕೂಡ ಏಗೂದು ನನ್ನಿಂದ ಆಗೂದಿಲ್ಲ."

ಅಣೆಕಟ್ಟಿನ ನೀರಿನಲ್ಲಿ ಹಳೇ ಊರು ಮುಳುಗಿದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಫಕೀರವ್ವ ಒಬ್ಬಳೇ. ಅವಳೂ ಹಾಸಿಗೆ ಹಿಡಿದಿದ್ದಳು. ಅವಳು ಹೋದರೆ ಆ ಕತೆಯೂ ಹೋದಂತೆ.

"ನೀರು ಹೊಸ್ತಲಕ ಬಂತು ಅಂತಾಳ, ಗಪ್ಪನ ಬಾಯಿ ಮುಚ್ಚತಾಳ. ನಿನ್ನೇನೂ ಅಷ್ಟ, ಇವತ್ತೂ ಅಷ್ಟ. ಸಂಜಿಗೆ ರೇಡಿಯೋದಾಗ ಯಾವುದಾರ ಒಂದು ಭಜನಿ ಪದಾ ಹಾಕಿಬಿಡ್ತೀನಿ."

ಅಜ್ಜಾರು ಏನೂ ಅನ್ನಲಿಲ್ಲ.

"ತಪ್ಪು ನಂದಲ್ರೀ. ಪ್ಯಾಟಿಯೊಳಗ ತರಬೇತಿ ಕೊಟ್ಟವರು ಹೇಳಿದಂಗ ಮಾಡೀನಿ. ಮೈಕ್ ಹಿಡದು ತುಟಿಪಿಟಕ್ಕನ್ನದ ಕುಂತೀನಿ. ನನ್ನ ದನಿ ಒಳಗ ಬರಬಾರದಲ್ರೀ?"

ಅಜ್ಜಾರು ಗೋಣೂ ಆಡಿಸಲಿಲ್ಲ.

"ಕೆಮ್ಮು ಬಂದ್ರೂ ನುಂಗೀನ್ರೀ!"

ಅಜ್ಜಾರು ಕಿಟಕಿಯ ಕಡೆ ನೋಡುತ್ತ ಕೂತೇ ಇದ್ದರು. ಬಸವಂತನಿಗೆ ರೇಗಿಹೋಯಿತು.

"ಕೇಳಾಕ ಹತ್ತೀರೋ ಇಲ್ಲೋ? ಗ್ವಾಡಿ ಕೂಡ ಮಾತಾಡಿದಂಗ ಆತು! ಹೋಗ್ಲಿ ಬಿಡ್ರಿ, ನಾ ಏನೂ ಹೇಳೂದಿಲ್ಲ."

"ನೋಡು, ನೀನೂ ಬಾಯಿ ಮುಚ್ಚಿದಿ" ಅಂದರು ಅಜ್ಜಾರು. ಅವರಿಗೂ ಸಾಕಾಗಿತ್ತು. "ಸಣ್ಣಾವಿದ್ದಾಗ ನಿಮ್ಮವ್ವ ಕತಿ ಹೇಳುಮುಂದ ಏನಂತಿದ್ದಿ, ಮಾರಾಯ?"

"ಹೂಂ ಅಂತಿದ್ನಿರಿ."

"ಮತ್ತ?"

ಬಸವಂತ ರೆಕಾರ್ಡರ್ ಎತ್ತಿಕೊಂಡು ಓಡಿದ.

"ನೀರು ಹೊಸ್ತಲಕ ಬಂತು" ಅಂದಳು ಫಕೀರವ್ವ.

"ಹೂಂ" ಅಂದ ಬಸವಂತ.

ಫಕೀರವ್ವ ಕಣ್ಣರಳಿಸಿ ಅವನತ್ತ ಹೊರಳಿದಳು. "ಎಚ್ಚರ ಅದೀ ಏನೋ ಯಪ್ಪಾ? ಇಷ್ಟು ದಿನಾ ಕುಂತಲ್ಲೇ ನಿದ್ದಿ ಹೊಡಿತಿ ಅನಕೊಂಡಿದ್ನಿ."

ಆಮೇಲೆ ಅವಳು ನಿಲ್ಲಿಸಲಿಲ್ಲ. ಎಳೆದೊಯ್ಯಲಾರದೆ ಬಿಟ್ಟುಬಂದ ಬೀಸುಕಲ್ಲು, ಬಾಗಿಲಲ್ಲೇ ನೀರಿದ್ದರೂ ಒಳಗೆ ಕೂತು ನೆಲ ಸಾರಿಸುತ್ತಿದ್ದ ಅತ್ತೆ, ಆ ಅತ್ತೆಯ ರಟ್ಟೆ ಹಿಡಿದು ತಾನು ಎಳೆದದ್ದು, ಎಲ್ಲ ಹೇಳಿದಳು. ಹೇಳುತ್ತ ಅತ್ತಳು. ಬಸವಂತನೂ ಅಳುತ್ತಲೇ ಹೂಂ ಅಂದ.

ಮಠದಲ್ಲಿ ಗುರು ಶಿಷ್ಯರು ಕೂತು ಅದನ್ನು ಕೇಳಿದರು. ಅವಳ ಒಂದೊಂದು ಮಾತಿನ ಹಿಂದೆಯೂ ಬಸವಂತನ ಹೂಂ. ಅವನು ಹಣೆ ಚಚ್ಚಿಕೊಂಡ.

"ಥೂ, ಎಲ್ಲಾ ಕಡೆ ನಂದ ದನಿ! ಇವನ್ನೆಲ್ಲಾ ಕತ್ತರಿಸಿ ತಗೀಲೇನ್ರೀ ಅಜ್ಜಾರ?"

"ತಗದು ನೋಡು" ಅಂದರು ಅಜ್ಜಾರು. "ಫಕೀರವ್ವ ಮತ್ತ ಹೊಸ್ತಲದಾಗ ನಿಂತುಬಿಡ್ತಾಳ."