ಪ್ರೊಸೆಸರಿನ ಮೇಲೆ ಹೊರಿಸಿದ ತಪ್ಪು

ಸೋಮವಾರ, ಬೆಳಗಿನ ಹತ್ತು ಗಂಟೆ. ಮೋಡವಿಲ್ಲದ ಆಕಾಶ, ಒಣ ಗಾಳಿ. ಗದಗಿನ ಒಂದು ಮೊಬೈಲ್ ದುರಸ್ತಿ ಅಂಗಡಿಯಲ್ಲಿ ಮೂವರಿದ್ದರು: ಅಂಗಡಿಯ ಯಜಮಾನರಾದ ದೇವೇಂದ್ರಪ್ಪ ಮಾಸ್ತರರು, ಆರು ವರ್ಷಗಳಿಂದ ಅವರ ಕೈಕೆಳಗೆ ಪಳಗಿದ ಫಕ್ಕೀರೇಶ, ಮತ್ತು ರೊಟ್ಟಿ ಮಾಡಿ ಮಾರುವ ಶಾವಂತ್ರವ್ವ.

ಅಂದು ಫಕ್ಕೀರೇಶನಿಗೆ ಪರೀಕ್ಷೆ. ಮೊದಲು ಬಂದ ಫೋನನ್ನು ತಾನೊಬ್ಬನೇ ಸರಿಪಡಿಸಿದರೆ ಅಂಗಡಿಯ ಹೊಣೆ ಅವನದು ಎಂದು ಮಾಸ್ತರರು ಮಾತು ಕೊಟ್ಟಿದ್ದರು. ಆ ಅಂಗಡಿಗೊಂದು ಕಟ್ಟಳೆಯಿತ್ತು. ಫೋನನ್ನು ಎಲ್ಲಿ ಇಡುತ್ತಾರೆ, ಯಾವಾಗ ಬಳಸುತ್ತಾರೆ ಎಂದು ಗಿರಾಕಿಯನ್ನು ಕೇಳಿ, ಚೀಟಿಯಲ್ಲಿ ಬರೆದ ಮೇಲೆಯೇ ಸ್ಕ್ರೂಡ್ರೈವರ್ ಮುಟ್ಟಬೇಕು.

ಶಾವಂತ್ರವ್ವ ಫೋನನ್ನು ಮುಂದಿಟ್ಟಳು.

"ತಮ್ಮಾ, ಹೋದ ತಿಂಗಳಷ್ಟ ತಗೊಂಡೀನಿ. ಕೆಂಡದಂಗ ಸುಡತೈತಿ. ಒತ್ತಿದ್ರ ಎಮ್ಮಿ ಎದ್ದಂಗ ನಿಧಾನಕ್ಕ ಏಳತೈತಿ."

ಫೋನನ್ನು ಕಂಡೊಡನೆ ಫಕ್ಕೀರೇಶನ ಮುಖ ಅರಳಿತು. ಈ ಫೋನು ಪೇಟೆಗೆ ಬರುವ ಮೊದಲೇ ಅದರ ಪ್ರೊಸೆಸರಿನ ವಿನ್ಯಾಸ ಹೇಗಿರಬಹುದು, ವೇಗ ಎಷ್ಟಿರಬಹುದು ಎಂದು ಅವನು ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದ. ಕಂಡವರೊಡನೆಲ್ಲ ವಾದಿಸಿದ್ದ.

"ಇದು ಹುಟ್ಟೂಕಿಂತ ಮೊದಲ ನಾ ಹೇಳಿದ್ದೆ ಯವ್ವಾ! ಮೂರೂವರೆ ಗಿಗಾಹರ್ಟ್ಸ್ ವೇಗ ಇಟ್ಟಾರ. ಅಂಗೈಯಷ್ಟು ಜಾಗಾದಾಗ ಹಂಗ ಓಡಿಸಿದ್ರ ಸುಡದ ಏನ್ ಮಾಡೀತು? ವಿನ್ಯಾಸದಾಗ ದೋಷ ಐತಿ. ಆ ಕಾವಿಗೆ ಬೆಸುಗೆ ಸಡಿಲಾಗಿರತೈತಿ, ಚಿಪ್ ಕಿತ್ತು ಮತ್ತ ಕೂಡಿಸ್ಬೇಕು."

"ನನ್ನ ಹೊಟ್ಟಿಪಾಡು ಇದರಾಗ ಐತಿ ತಮ್ಮಾ. ಕೆಟ್ಟೀತು, ನೋಡು."

"ಸುಮ್ನ ಕೂಡ್ರಿ. ನನಗ ಗೊತ್ತೈತಿ."

ಅವನು ಫೋನು ಬಿಚ್ಚಿದ. ಬೆಸುಗೆ ಕರಗಿಸುವ ಬಿಸಿಗಾಳಿಯ ಯಂತ್ರ ಕಾಯತೊಡಗಿತು. ಅದರ ಮೂತಿ ಚಿಪ್ಪಿನತ್ತ ಬಾಗಿತು. ಆಗ ಮಾಸ್ತರರು ಕೈ ಅಡ್ಡ ಹಿಡಿದರು. ಶಾವಂತ್ರವ್ವನ ಕಡೆ ತಿರುಗಿ ಕೇಳಿದರು:

"ತಾಯಿ, ಇದು ಯಾವ ಹೊತ್ತಿಗೆ ಸುಡ್ತೈತ್ರೀ?"

"ಮುಂಜಾನೆರೀ. ರೊಟ್ಟಿ ಬಡಿಯೂಮುಂದ ಆರ್ಡರ್ ಬರ್ತಾವಲ್ರೀ, ಒಲಿ ಬಾಜೂಕ ಇಟ್ಟಿರ್ತೀನಿ. ಮಧ್ಯಾಹ್ನ ಛಲೋ ಇರತೈತಿ."

ಫಕ್ಕೀರೇಶ ಯಂತ್ರವನ್ನು ಆರಿಸಿದ. ಅವನ ಕಿವಿ ಕೆಂಪಾಗಿತ್ತು.

ಮಾಸ್ತರರೇ ಫೋನನ್ನು ಮೊದಲಿನಂತೆ ಜೋಡಿಸಿ ಆಕೆಯ ಕೈಗಿತ್ತರು. "ಒಲಿಯಿಂದ ನಾಲ್ಕು ಮಾರು ದೂರ ಇಡ್ರಿ, ತಾಯಿ. ಸುತ್ತ ಕಾವು ಏರಿದ್ರ ತನ್ನ ಓಟ ತಾನ ತಗ್ಗಿಸಿಕೊಳ್ಳೂವಷ್ಟು ವಿವೇಕ ಈ ಚಿಪ್ಪಿಗೆ ಐತಿ. ಅದಕ್ಕ ನಿಧಾನ ಆಗೇತಿ. ದೋಷ ಇಲ್ಲ."

ಆಕೆ ಹೋದ ಮೇಲೆ ಫಕ್ಕೀರೇಶ ತಲೆ ತಗ್ಗಿಸಿ ಕೇಳಿದ: "ಮಾಸ್ತರ, ನಾ ಹೇಳಿದ ವೇಗ ತಪ್ಪೇನ್ರೀ?"

"ವೇಗ ಸರಿ. ಅದನ್ನ ಕೇಳಿದವರು ಯಾರು?"

ಮಾಸ್ತರರು ಎದ್ದು ನಿಂತು, ಸ್ಪಷ್ಟವಾಗಿ ಹೇಳಿದರು:

"ಅಂಗಡಿ ಇವತ್ತು ನಿನಗಿಲ್ಲ. ಇನ್ನೊಂದು ವರ್ಷ ಗಿರಾಕಿಗಳ ಎದುರು ಕುಂತು ಕೇಳು. ಕೈಗೆ ಕೆಲಸ ಆಮ್ಯಾಲೆ."

ನೀತಿ: ಊಹೆ ನಿಜವಾದ ಮಾತ್ರಕ್ಕೆ ತೀರ್ಮಾನ ಸರಿಯಾಗದು. ಬಲ್ಲೆನೆಂಬ ಅವಸರದಲ್ಲಿ ಎದುರಿನವರನ್ನು ಕೇಳದವನು ಎಷ್ಟು ತಿಳಿದಿದ್ದರೂ ಹೊಣೆಗೆ ಅರ್ಹನಲ್ಲ.