ಬಂಡೆಯ ಮೇಲೆ ಎಷ್ಟು ಜನ

"ಅಜ್ಜಾರೇ, ನಾನು ಕೂಡಿಸಿದ್ದು ಸರಿಯಿರುತ್ತದೆ, ಕಳೆದದ್ದೂ ಸರಿಯಿರುತ್ತದೆ. ಆದರೂ ಒಗಟಿಗೆ ಉತ್ತರ ತಪ್ಪುತ್ತದೆ. ಎದುರಿನವನ ಮಾತನ್ನು ಪೂರಾ ಕೇಳಿಸಿಕೊಂಡೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅಜ್ಜನವರು ಎಲೆಗೆ ಸುಣ್ಣ ಹಚ್ಚುತ್ತ ಒಂದು ಕತೆ ಹೇಳಿದರು.

ಹೊಳೆಯ ದಂಡೆಗೆ ಒಂದು ಊರಿತ್ತು. ಲೆಕ್ಕದ ಒಗಟು ಬಿಡಿಸುವುದರಲ್ಲಿ ಆ ಊರಿನವರನ್ನು ಮೀರಿಸಿದವರು ಮೂರು ಲೋಕದಲ್ಲಿ ಇಲ್ಲ. ನಾನೊಬ್ಬ ಮೀರಿಸಿದ್ದೆ, ಆ ಮಾತು ಬೇರೆ. ಅಲ್ಲಿ ಒಬ್ಬ ಒಂದು ಒಗಟು ಹಿಡಿದು ಕೂತರೆ ಅವನ ರುಮಾಲಿನಲ್ಲಿ ಗುಬ್ಬಿ ಗೂಡು ಕಟ್ಟಿ, ಮರಿ ಮಾಡಿ, ಮರಿಗಳು ಹಾರಿಹೋಗುತ್ತಿದ್ದವು. ಅವನು ತಲೆ ಎತ್ತುತ್ತಿರಲಿಲ್ಲ. ಸುಳ್ಳಾದರೆ ನನ್ನ ಗಡ್ಡ ಬೋಳಿಸು.

ಅಲ್ಲೊಂದು ಕಟ್ಟಳೆ. ಪರವೂರಿನವನು ಊರಕಟ್ಟೆಯ ಮುಂದೆ ನಿಂತು ಮೊದಲು ಒಗಟು ಹಾಕಬೇಕು. ಊರಿನವರು ಅದನ್ನು ಬಿಡಿಸಿದ ಮೇಲೆಯೇ ಅವನಿಗೆ ನೀರು, ಬೆಲ್ಲ, ಊಟ. ಒಗಟನ್ನು ತನ್ನದೇ ಸಂಕಟವೆಂಬಂತೆ ಹೇಳಿದವನಿಗೆ ಮರ್ಯಾದೆ ಹೆಚ್ಚು. ಹಿಂದೆ ಒಬ್ಬ ಬಳೆಗಾರ, ತಾಯಿ ಸತ್ತಳೆಂದು ಗೋಳಾಡಿ ಅತ್ತು, ಅವಳ ಬಳೆಗಳನ್ನು ಸೊಸೆಯಂದಿರಿಗೆ ಹಂಚುವ ಲೆಕ್ಕ ಕೇಳಿದ್ದ. ಉತ್ತರ ಬಂದ ಮೇಲೆ ಕಣ್ಣೊರೆಸಿಕೊಂಡು, ತಾಯಿ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಳೆ ಎಂದು ನಕ್ಕಿದ್ದ. ಅವನಿಗೆ ಹೋಳಿಗೆ ಊಟ ಹಾಕಿಸಿದ್ದರು.

ಒಂದು ದಿನ ಒಬ್ಬ ಕುಂಬಾರ ಅಡಿಯಿಂದ ಮುಡಿಯವರೆಗೆ ತೊಯ್ದು ಓಡಿಬಂದ. ಏದುಸಿರು ಬಿಡುತ್ತ ಹೇಳಿದ: "ಹರಿಗೋಲು ಮಗುಚಿತು. ಹತ್ತಿದವರು ಹನ್ನೊಂದು ಮಂದಿ. ಮೂವರನ್ನು ಬಿಟ್ಟು ಮಿಕ್ಕವರೆಲ್ಲ ಆಚೆ ದಡ ಸೇರಿದರು. ಈಚೆ ದಡಕ್ಕೆ ಬಂದವನು ನಾನೊಬ್ಬನೇ. ಉಳಿದವರು ನಡುಹೊಳೆಯ ಬಂಡೆ ಹಿಡಿದಿದ್ದಾರೆ. ನನ್ನ ಹೆಂಡತಿ ಅಲ್ಲಿದ್ದಾಳೆ. ದಿನ ತುಂಬಿದ ಬಸುರಿ. ನೀರು ಏರುತ್ತಿದೆ."

ಕಟ್ಟೆಯ ಮೇಲಿದ್ದವರ ಮುಖ ಅರಳಿತು. ಇಂಥ ಒಗಟು ಕೇಳಿ ಬಹಳ ಕಾಲವಾಗಿತ್ತು. ಬಟ್ಟೆ ಸಹ ತೋಯಿಸಿಕೊಂಡು ಬಂದಿದ್ದಾನೆ ಎಂದು ಊರಗೌಡ ಮೆಚ್ಚಿ ತಲೆದೂಗಿದ.

ಒಬ್ಬ ಬಡಿಗ, ಬಂಡೆಯ ಮೇಲೆ ಮೂವರು ಎಂದ. ಗಾಣಿಗ ನಕ್ಕ. ಆ ಮೂವರಲ್ಲಿ ಇವನೂ ಒಬ್ಬ, ಇವನು ಇಲ್ಲೇ ನಿಂತಿದ್ದಾನೆ, ಆದ್ದರಿಂದ ಇಬ್ಬರು ಎಂದ. ಬಸುರಿ ಎಂಬ ಮಾತನ್ನು ಇವನು ಸುಮ್ಮನೆ ಸೇರಿಸಿಲ್ಲ, ಹೊಟ್ಟೆಯೊಳಗಿನದನ್ನೂ ಎಣಿಸಿದರೆ ಮೂರು ಎಂದ ನೇಕಾರ. ಹಾಗಾದರೆ ಗೆದ್ದವನು ನಾನೇ ಎಂದು ಬಡಿಗ ಎದ್ದುನಿಂತ. ನಿನ್ನ ಮೂರು ಬೇರೆ, ನನ್ನ ಮೂರು ಬೇರೆ ಎಂದು ನೇಕಾರ ಅವನ ಹೆಗಲು ಹಿಡಿದು ಕೂರಿಸಿದ. ಇಷ್ಟರಲ್ಲಿ ಇನ್ನೊಬ್ಬನಿಗೆ ಅನುಮಾನ ಬಂತು. ಇವನು ಹತ್ತಿದವರು ಎಂದ, ಇದ್ದವರು ಎನ್ನಲಿಲ್ಲ. ಅಂಬಿಗ ಹತ್ತಿಸಿಕೊಳ್ಳುವವನು. ಅವನು ಹನ್ನೊಂದರ ಒಳಗೋ, ಹೊರಗೋ?

"ಯಜಮಾನರೇ, ಲೆಕ್ಕ ಬೇಡ. ಒಂದು ಹಗ್ಗ ಕೊಡಿ, ನಾಲ್ಕು ಜನ ಬನ್ನಿ," ಎಂದ ಕುಂಬಾರ.

"ಸುಮ್ಮನಿರಪ್ಪ. ನಾವು ಸೋತೆವು ಎನ್ನುವ ತನಕ ಸುಳುಹು ಕೊಡಬಾರದು," ಎಂದ ಗೌಡ.

ಹಗ್ಗ ಎಂದನಲ್ಲ, ಎಷ್ಟು ಮಾರಿನ ಹಗ್ಗ ಎಂದು ಹಿಂದಿನ ಸಾಲಿನವರು ಹೊಸ ಲೆಕ್ಕ ಹೂಡಿದರು. ನಾಲ್ಕು ಜನ ಎಂದದ್ದನ್ನು ಹನ್ನೊಂದಕ್ಕೆ ಸೇರಿಸಬೇಕೋ ಬೇಡವೋ ಎಂದು ಮುಂದಿನ ಸಾಲಿನವರು ಕಿತ್ತಾಡಿದರು. ಕುಂಬಾರ ಒಬ್ಬೊಬ್ಬರ ಕಾಲಿಗೂ ಬಿದ್ದ. ಬಿದ್ದಾಗಲೆಲ್ಲ ಅವನಿಗೆ ಭೇಷ್ ಎಂದರು. ಕಡೆಗೆ ಅವರು ಕೇಳಿದ್ದನ್ನೇ ಕೇಳಿ ಕೇಳಿ ಅವನ ತಲೆಯೂ ಕೆಟ್ಟಿತು. ಹನ್ನೊಂದರಲ್ಲಿ ನನ್ನನ್ನು ಎಣಿಸಿದ್ದೆನೋ ಇಲ್ಲವೋ ಎಂದು ಅವನೂ ಬೆರಳು ಮಡಿಸತೊಡಗಿದ.

ಯಾರ ಉತ್ತರವನ್ನೂ ಯಾರೂ ಒಪ್ಪಲಿಲ್ಲ. ಕಣ್ಣಾರೆ ಎಣಿಸಿಬಿಡೋಣ ಎಂದು ಗೌಡ ಎದ್ದ. ಊರಿಗೆ ಊರೇ ಬರಿಗೈಯಲ್ಲಿ ಹೊಳೆಯ ಕಡೆ ನಡೆಯಿತು. ಕುಂಬಾರ ಎಲ್ಲರಿಗಿಂತ ಮುಂದೆ ಓಡಿದ.

ಇಲ್ಲಿಗೆ ಅಜ್ಜನವರು ಕತೆ ನಿಲ್ಲಿಸಿ ಎಲೆ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಶಿಷ್ಯ ಬೆರಳು ಮಡಿಸಿ ಎಣಿಸತೊಡಗಿದ.

"ನನಗೂ ಗೊಂದಲವಾಯಿತು, ಅಜ್ಜಾರೇ. ಬಸುರಿಯನ್ನು ಒಂದು ಎಂದು ಹಿಡಿಯಬೇಕೋ, ಎರಡು ಎಂದೋ? ಅಂಬಿಗ ಹನ್ನೊಂದರ ಒಳಗೆ ಇದ್ದನೇ?" ಎಂದ.

"ಅವಳು ಬದುಕಿದಳೇ ಎಂದು ಕೇಳುತ್ತೀಯೇನೋ ಎಂದು ಕಾಯುತ್ತಿದ್ದೆ, ತಮ್ಮಾ," ಎಂದರು ಅಜ್ಜನವರು.